ನಲವತ್ತಮೂರನೆಯ ಬಿಲ್ಲೆ

ಎಂಬತ್ತು ಬಿಲ್ಲೆ ಕೊಯ್ದೆವು ಅಕ್ರಿಲಿಕ್ಕಿನಲ್ಲಿ,
ದುಬೈನ ಅಲ್ ಕೂಜ್ ಶೆಡ್ಡಿನಲ್ಲಿ, ಜುಲೈ ಧಗೆಯಲ್ಲಿ.
ಊಟದ ತಟ್ಟೆಗಿಂತ ಕೊಂಚ ಚಿಕ್ಕವು,
ಒಂದೊಂದೂ ಒಂದು ಅಂತಸ್ತು.
ನಡುವೆ ತೂತು, ತೂತಿನಲ್ಲಿ ಕದಲದ ಉಕ್ಕಿನ ಕಂಬ.
ಪಾಲ್ಪಾದ ನಮ್ಮ ಬೀಸುಕಲ್ಲಿಗೂ ಹೀಗೇ ಗೂಟ, ಅಂದೆ.
ಇದ್ಲಿಬಿನ ನಮ್ಮದಕ್ಕೂ ಇತ್ತು, ಅಂದ ಘಸ್ಸಾನ್,
'ಇತ್ತು' ಅನ್ನುವಲ್ಲಿ ಸ್ವಲ್ಪ ತಡೆದು.

ಅವನು ಮೋಟಾರಿನವನು, ನಾನು ಬಣ್ಣದವಳು.
ಬಿಲ್ಲೆ ಬಿಲ್ಲೆಯ ನೆತ್ತಿಗೆ ಕಪ್ಪು ಹಾಳೆ ಅಂಟಿಸಿದೆ:
ಸೌರಫಲಕ.
ಸೂರ್ಯ ಕೊಟ್ಟದ್ದನ್ನು ಉಂಡು
ಮಧ್ಯಾಹ್ನವಾದರೆ ಸೂರ್ಯನಿಗೇ ಬೆನ್ನು ಹಾಕುವ ಮನೆಗಳು.
ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ ಏನೋ.
ಸೂರ್ಯನ ಪಾತ್ರಕ್ಕೆ ಐದು ದಿರ್ಹಮಿನ ಬಲ್ಬು.
ಮೋಟಾರಿಗೆ ಮಾತ್ರ ಗೋಡೆಯ ಪ್ಲಗ್ಗು,
ತಂತಿಯನ್ನು ಕಾರ್ಪೆಟ್ಟಿನಡಿ ಹಾಯಿಸಿದೆವು.

ಜನ ಬಂದರು. ಖರ್ಜೂರ ತಿಂದರು, ಬೀಜ ಕೈಯಲ್ಲೇ ಹಿಡಿದು ನೋಡಿದರು.
ಏಸಿ ರಿಪೇರಿಗೆ ಬಂದಿದ್ದ ಸ್ವಾತ್ ಕಡೆಯ ಗುಲ್ಜಮೀನ್
ಏಣಿಯ ಮೇಲಿಂದಲೇ ಕೇಳಿದ:
ನಲ್ಲಿಯ ಪೈಪು ತಿರುಚಿಕೊಳ್ಳುವುದಿಲ್ಲವೇ?
ಮಾರಾಟದ ಹುಡುಗಿ ಕರುಪುಸ್ತಕದ ಪುಟ ಮಗುಚಿದಳು.
ಅದರಲ್ಲಿ ಪೈಪಿನ ಮಾತಿರಲಿಲ್ಲ.

ಆಮೇಲೆ ಉಮ್ಮ್ ಸುಹೈಲ್.
ಮಂಡಿ ಮಡಚದು, ಡ್ರೈವರನ ತೋಳು ಊರಿ ಬಂದವಳು,
ಬಾಗದೆ, ನೆಟ್ಟಗೆ ನಿಂತೇ ನೋಡಿದಳು.
ಅಪ್ಪನ ಕಡೆಯವರು ಕಡಲು, ಅಮ್ಮನ ಕಡೆಯವರು ಮರಳು;
ಕುರ್ಚಿ ಕದಲದೆ ಎರಡೂ ಕಾಣಬೇಕು.
ಕಾಣುತ್ತದೆಯೇ?
ಘಸ್ಸಾನ್ ಗುಂಡಿ ಒತ್ತಿದ.
ಕಡಲು ಹೋಗಿ ಮರಳು ಬಂತು,
ಮರಳು ಸರಿದು ಕಡಲು ಮರಳಿತು.
ಅವಳ ತುಟಿ ಏನೋ ಎಣಿಸುತ್ತಿತ್ತು.

ನಮಾಜಿನ ನಡುವೆ ಮನೆ ಹೊರಳಿದರೆ
ಕಿಬ್ಲಾ ಎಲ್ಲಿ ಹುಡುಕಲಿ?
ಗುಂಡಿ ಒತ್ತಿದರೆ ನಿಲ್ಲುತ್ತದೆ ಅಮ್ಮಾ, ಅಂದಳು ಹುಡುಗಿ.
ನಾನು ಏರಿದ ಒಂದು ಒಂಟೆಯೂ
ನಿಲ್ಲು ಅಂದಕೂಡಲೇ ನಿಂತದ್ದಿಲ್ಲ,
ಅನ್ನುತ್ತಲೇ ಮುಂಗಡ ಕೊಟ್ಟಳು.
ನಲವತ್ತಮೂರನೆಯ ಅಂತಸ್ತು.
ಆಗಸ್ಟ್ ಕೊನೆಗೆ, ನಸುಕಿನಲ್ಲಿ,
ಸೆಕೆ ಮುಗಿಯಿತೆಂದು ಹೇಳಲು ಮೂಡುವ ಆ ನಕ್ಷತ್ರ,
ತನ್ನ ಮಗನಿಗೆ ಇಟ್ಟ ಹೆಸರಿನದು,
ಈಗ ಬೇರೆ ಕಟ್ಟಡಗಳ ಹಿಂದೆ ಮೂಡುತ್ತದಂತೆ.

ಎರಡು ಬೇಸಿಗೆ ಕಳೆಯಿತು.
ಜಾಗಕ್ಕೊಂದು ಬೇಲಿ, ಬೇಲಿಗೊಂದು ಬೋರ್ಡು,
ಬೋರ್ಡಿನ ಗೋಪುರ ನೀಲಿಯಿಂದ ಬೂದಿ, ಬೂದಿಯಿಂದ ಬಿಳಿ.
ಅಲ್ಲಿ ಸೂರ್ಯ ಮಾಡಿದ ಕೆಲಸ ಅಷ್ಟೇ.
ಮುಂಗಡ ವಾಪಸು, ಹುಡುಗಿ ಇನ್ನೊಂದು ಕಂಪನಿಗೆ,
ಗೋಪುರ ಲಾರಿಯಲ್ಲಿ ಅಡ್ಡ ಮಲಗಿ ನಮ್ಮ ಶೆಡ್ಡಿಗೆ.

ಒಂದು ಗುರುವಾರ ಅವಳೇ ಹುಡುಕಿಕೊಂಡು ಬಂದಳು.
ಬಾಗಿಲಲ್ಲಿ ಗರಗಸದ ಧೂಳು, ಮೂಗಿಗೆ ಶೇಲಾ ಒತ್ತಿ ಹಿಡಿದು,
ನನ್ನ ಮನೆ ಕೊಡಿ, ಅಂದಳು.
ಘಸ್ಸಾನ್ ನನ್ನ ಮುಖ ನೋಡಿದ. ಸ್ಪ್ಯಾನರ್ ತೆಗೆದ.
ಬುಡದಿಂದ ಅವನು ಅರಬ್ಬಿಯಲ್ಲಿ ಎಣಿಸಿದ,
ತುದಿಯಿಂದ ನಾನು ನೇಪಾಳಿಯಲ್ಲಿ.
ಲೆಕ್ಕ ಕೂಡಲಿಲ್ಲ, ಒಂದು ಹೆಚ್ಚು ಬಂತು, ಇಲ್ಲ ಕಡಿಮೆ.
ಯಾವುದಾದರೂ ಕೊಡಿ,
ತಿರುಗಿದರೆ ಸಾಕು.

ತೂತಿಗೆ ತೋರುಬೆರಳು ತೂರಿಸಿ
ಇನ್ನೊಂದು ಕೈಯಿಂದ ಮೆಲ್ಲಗೆ ತಳ್ಳಿದಳು.
ಇಲ್ಲಿ ಮಂಚ, ಅಂದಳು.
ಇಲ್ಲಿ ಕಾಫಿ.
ಮೋಟಾರಿಲ್ಲ, ಬಲ್ಬಿಲ್ಲ,
ಒಂದು ಸುತ್ತು ಪೂರ್ತಿ ಬಂತು.

ಈಗಲೂ ಇದೆ ನಮ್ಮಲ್ಲಿ, ಎಪ್ಪತ್ತೊಂಬತ್ತು ಅಂತಸ್ತು.
ಪ್ಲಗ್ಗು ತೆಗೆಯಲು ಮರೆತ ರಾತ್ರಿ ಸುತ್ತುತ್ತಲೇ ಇರುತ್ತದೆ,
ಎಲ್ಲೋ ಒಂದೆಡೆ ಟಕ್ ಅನ್ನುತ್ತದೆ.
ನೆತ್ತಿಯಲ್ಲಿ ಮಾತ್ರ ಒಂದು ಬೆರಳಷ್ಟು ಗೂಟ
ಹೊರಗೆ ಚಾಚಿದೆ. ಅದು ತಿರುಗದು.
ಘಸ್ಸಾನ್ ಕೆಲಸಕ್ಕೆ ಬಂದೊಡನೆ
ಟೋಪಿ ತೆಗೆದು ಅದಕ್ಕೇ ಸಿಕ್ಕಿಸುತ್ತಾನೆ.